ಉಪ್ಪಿಲ್ಲದ ಎಡೆ

ಸಿಂಚನಳಿಗೆ ತಾಯಿ ಇರಲಿಲ್ಲ. ರಾಮಕೃಷ್ಣನಗರದ ಗೆಳತಿಯ ಮನೆಯ ಮಟ್ಟಿಗೆ ಎರಡು ವರ್ಷದಿಂದ ಇದು ನಿಜವಾಗಿತ್ತು.

ಅವಳ ತಾಯಿ ಬೆಟ್ಟಮ್ಮ ಚಾಮುಂಡಿ ಬೆಟ್ಟದ ಪಾದದಲ್ಲಿ, ಮೆಟ್ಟಿಲು ಶುರುವಾಗುವ ಕಡೆ, ಹೂವಿನ ಕುಕ್ಕೆ ಇಟ್ಟುಕೊಂಡು ಕೂರುತ್ತಿದ್ದಳು. ಗಟ್ಟಿಮುಟ್ಟಾಗಿದ್ದಳು. ಅವಳು ಸತ್ತಳೆಂಬ ಸುಳ್ಳು ಹುಟ್ಟಿದ್ದೂ ಅಲ್ಲಿಂದ ಕೂಗಳತೆ ದೂರದಲ್ಲೇ.

ಡಿಗ್ರಿಯ ಮೊದಲ ವರ್ಷ. ಆಷಾಢ ಶುಕ್ರವಾರ ಮೆಟ್ಟಿಲು ಹತ್ತೋಣ ಬಾ ಎಂದು ಗೆಳತಿ ಸುಷ್ಮಿತಾ ಕರೆದಿದ್ದಳು. ಅವಳ ಅಮ್ಮ ಶಾಲಿನಿಯೂ ಬಂದಿದ್ದರು. ಪಾದದಲ್ಲಿ ಅಷ್ಟೊಂದು ಹೂವಿನವರು ಕೂತಿದ್ದರೂ ಶಾಲಿನಿ ಹೋಗಿ ನಿಂತದ್ದು ಬೆಟ್ಟಮ್ಮನ ಮುಂದೆಯೇ. "ನೋಡ್ತಿರು, ಮೊಳ ಹಾಕುವಾಗ ಮೊಣಕೈ ಮಡಿಸಿಬಿಡ್ತಾರೆ ಇವರು," ಎಂದು ಮಗಳಿಗೆ ಹೇಳಿದರು, ಹೂವಿನವಳಿಗೆ ಕೇಳುವ ಹಾಗೆಯೇ. ಬೆಟ್ಟಮ್ಮ ತಲೆಯೆತ್ತಿ ಸಿಂಚನಳನ್ನು ನೋಡಿದಳು. ಸಿಂಚನ ಮೆಟ್ಟಿಲು ನೋಡಿದಳು. ಅಷ್ಟರಲ್ಲೇ ಅವ್ವನಿಗೆ ಎಲ್ಲ ಅರ್ಥವಾಯಿತೆಂದು ಕಾಣುತ್ತದೆ. ಮೊಣಕೈ ನೆಟ್ಟಗೆ ಮಾಡಿ, ಒಂದು ಮೊಳ ಜಾಸ್ತಿಯೇ ಹಾಕಿ, ಯಾರೋ ಗಿರಾಕಿಗೆ ಕೊಟ್ಟ ಹಾಗೆ ಕೊಟ್ಟಳು.

ನಾಲ್ಕು ಮೆಟ್ಟಿಲು ಹತ್ತಿದ್ದರೋ ಇಲ್ಲವೋ, ಶಾಲಿನಿ ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚುತ್ತಾ ಕೇಳಿದರು. "ನಿಮ್ಮಮ್ಮ ಏನ್ ಮಾಡ್ತಾರಮ್ಮ?"

"ಅಮ್ಮ... ಇಲ್ಲ ಆಂಟಿ, ಅವರು..."

ಕೆಲಸಕ್ಕೇನೂ ಹೋಗುವುದಿಲ್ಲ, ಮನೆಯಲ್ಲೇ ಇರುತ್ತಾರೆ ಎಂದು ಹೇಳಲು ಹೊರಟಿದ್ದಳು. ಅದೂ ಸುಳ್ಳೇ, ಆದರೆ ಸಣ್ಣದು. ಮಾತು ಮುಗಿಯುವ ಮೊದಲೇ ಶಾಲಿನಿ "ಅಯ್ಯೋ" ಎಂದು ಕುಂಕುಮದ ಕೈಯನ್ನೇ ಅವಳ ತಲೆಯ ಮೇಲೆ ಇಟ್ಟರು. "ಯಾವಾಗ ಹೋದ್ರು ಕಂದಾ?"

ಇಲ್ಲ ಅಂದರೆ ಕೆಲಸ ಇಲ್ಲ ಅಂತಲೂ ಆಗುತ್ತದೆ, ಮನೆಯಲ್ಲಿ ಇಲ್ಲ ಅಂತಲೂ ಆಗುತ್ತದೆ, ಲೋಕದಲ್ಲೇ ಇಲ್ಲ ಅಂತಲೂ ಆಗುತ್ತದೆ. ಶಾಲಿನಿ ಕೊನೆಯದನ್ನು ಕೇಳಿಸಿಕೊಂಡರು. ಸಿಂಚನ ತಿದ್ದಲಿಲ್ಲ. "ನಾನು ಪಿಯುಸಿಲಿದ್ದಾಗ," ಎಂದಳು. ಮೊದಲಿನದು ತಪ್ಪು ತಿಳಿವಳಿಕೆ. ಎರಡನೆಯದು ಅವಳೇ ಹೇಳಿದ್ದು.

ಅಪ್ಪ ನಿಂಗಯ್ಯ ನಿಜವಾಗಿಯೇ ಸತ್ತಿದ್ದ. ಹಾಗಾಗಿ ಅವಳು ಒಂದೇ ಏಟಿಗೆ ಅನಾಥಳಾದಳು, ಆ ಮನೆಗೆ ಮಗಳೂ ಆದಳು. ಶಾಲಿನಿ ಇಬ್ಬರಿಗೂ ಡಬ್ಬಿ ಕಟ್ಟುತ್ತಿದ್ದರು. ಭಾನುವಾರ ಇಬ್ಬರ ತಲೆಗೂ ಎಣ್ಣೆ ಹಚ್ಚುತ್ತಿದ್ದರು. ಈ ವರ್ಷ ಡಿಗ್ರಿ ಮುಗಿದರೆ ಸರ್ಕಾರಿ ಹಾಸ್ಟೆಲ್ ಬಿಡಬೇಕಿತ್ತು. "ಮಹಡಿ ಮೇಲಿನ ರೂಮು ಖಾಲಿ ಬಿದ್ದಿದೆ. ಎಂ.ಕಾಂ. ಮುಗಿಯೋವರೆಗೂ ಇಲ್ಲೇ ಇರು," ಎಂದು ಶಾಲಿನಿ ಹೇಳಿಯಾಗಿತ್ತು. ಕಿಟಕಿ ತೆಗೆದರೆ ಬೇವಿನ ಮರ ಕಾಣುವ ರೂಮು. ಅದು ಸಿಗದಿದ್ದರೆ ಅವ್ವನ ವಠಾರಕ್ಕೆ ಹಿಂತಿರುಗಿ ಹೂವು ಕಟ್ಟುತ್ತಾ ಕೂರಬೇಕು. ಇದನ್ನು ಸಿಂಚನ ಒಂದು ದಿನವೂ ಮರೆತಿರಲಿಲ್ಲ.

ಫೋನಿನಲ್ಲಿ ಅವ್ವನ ಹೆಸರನ್ನು ಬೆಟ್ಟಕ್ಕ ಎಂದು ಮಾಡಿಟ್ಟಿದ್ದಳು. ಹಾಸ್ಟೆಲಿನ ಅಡಿಗೆಯವರು, ನನ್ನ ಕಂಡರೆ ಪ್ರೀತಿ ಎಂದು ಸುಷ್ಮಿತಾಗೆ ಹೇಳಿದ್ದಳು. ಫೋನು ಹಳೆಯದು, ಸ್ಕ್ರೀನ್ ಒಡೆದಿತ್ತು. ಒಮ್ಮೊಮ್ಮೆ ತಾನಾಗಿಯೇ ಒತ್ತಿಕೊಂಡು ಯಾರಿಗೋ ಕರೆ ಹೋಗಿಬಿಡುತ್ತಿತ್ತು. ಕಿವಿಗಿಟ್ಟರೆ ಏನೂ ಕೇಳದ್ದರಿಂದ ಯಾವಾಗಲೂ ಸ್ಪೀಕರಿನಲ್ಲೇ ಮಾತು. ಹೀಗಾಗಿ ಬೆಟ್ಟಕ್ಕನ ದನಿ ಸುಷ್ಮಿತಾಗೂ ಪರಿಚಯವಿತ್ತು. "ನಿಮ್ಮ ಬೆಟ್ಟಕ್ಕ ಎಷ್ಟು ಜೋರಾಗಿ ಮಾತಾಡ್ತಾರೆ, ಫೋನೇ ಬೇಕಾಗಿಲ್ಲ," ಎಂದು ನಗುತ್ತಿದ್ದಳು.

'ಗಾಜಿನ ಹೊಸಿಲು' ಧಾರಾವಾಹಿ ಶುರುವಾದದ್ದು ಈ ಬೇಸಿಗೆಯಲ್ಲಿ. ಸಂಜೆ ಏಳೂವರೆಗೆ. ತನ್ವಿ ಎಂಬ ಬಡ ಹುಡುಗಿ ತನ್ನ ತಾಯಿ ಸತ್ತಿದ್ದಾಳೆಂದು ಹೇಳಿಕೊಂಡು ಶ್ರೀಮಂತ ಗೆಳತಿಯ ಮನೆ ಸೇರಿರುತ್ತಾಳೆ. ತಾಯಿ ಬೇರೆ ಬೀದಿಯಲ್ಲಿ ಪಾತ್ರೆ ತಿಕ್ಕುತ್ತಿರುತ್ತಾಳೆ. ಬರೆದವರಿಗೆ ತನ್ನ ವಿಷಯ ಗೊತ್ತಿರಲು ಸಾಧ್ಯವಿಲ್ಲ ಎಂದು ಸಿಂಚನ ತನಗೆ ತಾನೇ ಹೇಳಿಕೊಂಡಳು. ಬಡವಿ, ಶ್ರೀಮಂತೆ, ಮುಚ್ಚಿಟ್ಟ ತಾಯಿ. ಧಾರಾವಾಹಿಯವರಿಗೆ ಬೇರೆ ಕಥೆಯಾದರೂ ಎಲ್ಲಿದೆ? ಆದರೂ ತನ್ವಿ ಒಂದು ದಿನ ಮೆಟ್ಟಿಲ ಮೇಲೆ ನಿಂತು, ಮುಖ ಪಕ್ಕಕ್ಕೆ ತಿರುಗಿಸಿ, "ಅಮ್ಮ ಇಲ್ಲ ಆಂಟಿ" ಎಂದಾಗ ಸಿಂಚನಳ ಕೈಯಲ್ಲಿದ್ದ ಕಾಫಿ ತುಳುಕಿತು.

ಕಾಲೇಜು ಮುಗಿಸಿ ಸುಷ್ಮಿತಾ ಮನೆಗೆ ಹೋಗಿ, ಓದಿ, ಧಾರಾವಾಹಿ ನೋಡಿ, ಹಾಸ್ಟೆಲಿನ ಬಸ್ಸು ಹಿಡಿಯುವುದು ಅವಳ ದಿನಚರಿಯಾಗಿತ್ತು. ಸೋಫಾದ ಮೇಲೆ ಶಾಲಿನಿ, ಅವರ ಕಾಲ ಹತ್ತಿರ ಇಬ್ಬರು ಹುಡುಗಿಯರು. ಊಟದ ಮೇಜಿನಲ್ಲಿ ಮನೆ ಯಜಮಾನ ರವಿಚಂದ್ರ, ಬಿಲ್ಡಿಂಗ್ ಕಾಂಟ್ರಾಕ್ಟರ್. ಮೂಲೆಯ ಕುರ್ಚಿಯಲ್ಲಿ ಅವರ ತಾಯಿ ಬೋರಮ್ಮ, ಮಗನ ಜೊತೆ ಪಟ್ಟಣಕ್ಕೆ ಬಂದು ಇಷ್ಟು ವರ್ಷವಾದರೂ ಊರ ಮಾತು ಬಿಡದವರು.

"ಸಿಕ್ಕಿಬೀಳ್ಬೇಕು ಅವಳು!" ಶಾಲಿನಿ ದಿನವೂ ಟೀವಿಗೆ ಬೈಯುತ್ತಿದ್ದರು. "ಹೆತ್ತವಳನ್ನ ಬಾಯಲ್ಲೇ ಸಾಯಿಸಿದೋಳಿಗೆ ಒಳ್ಳೇದಾಗುತ್ತಾ?"

"ಇನ್ನೂ ಸ್ವಲ್ಪ ಜೋರಾಗಿ ಬೈಯಿ," ರವಿಚಂದ್ರ ಮೊಬೈಲಿನಿಂದ ತಲೆ ಎತ್ತದೆ ಹೇಳುತ್ತಿದ್ದರು. "ಅವಳಿಗೆ ಕೇಳಿಸಿರಲಿಕ್ಕಿಲ್ಲ."

"ಆ ಗೆಳತಿನೇ ಪೆದ್ದಿ ಅಮ್ಮ," ಎಂದಳು ಸುಷ್ಮಿತಾ. "ಇಷ್ಟು ದಿನ ಜೊತೇಲಿದ್ದು ಗೊತ್ತಾಗಲ್ವಾ? ನಂಗಾಗಿದ್ರೆ ಒಂದೇ ದಿನಕ್ಕೆ ಗೊತ್ತಾಗ್ತಿತ್ತು. ಅಲ್ವೇನೇ?"

"ಮುಖ ನೋಡಿದ್ರೇ ಗೊತ್ತಾಗುತ್ತೆ," ಎಂದಳು ಸಿಂಚನ. "ಕಳ್ಳಿ." ಹೇಳುವಾಗ ದನಿ ನಡುಗಲಿಲ್ಲ. ಅದು ಅವಳಿಗೇ ಆಶ್ಚರ್ಯವಾಯಿತು.

ಬೋರಮ್ಮ ಮೂಲೆಯಿಂದ ಹೇಳಿದರು. "ಕಳ್ಳಿ ಅಲ್ಲ ಕಣ್ರವ್ವ. ಎದ್ರುಕೊಂಡವ್ಳೆ. ಕೆಟ್ಟೋರಿಗಿಂತ ಎದ್ರಿದೋರೇ ಜಾಸ್ತಿ ಕೇಡು ಮಾಡಾದು."

ಎಂಟು ಗಂಟೆಗೆ ಬಸ್ ಸ್ಟಾಪಿನ ದಾರಿಯಲ್ಲಿ ಅವ್ವನ ಫೋನು. ವಠಾರದಲ್ಲಿ ಟೀವಿ ಇದ್ದದ್ದು ಲಕ್ಷ್ಮಮ್ಮನ ಮನೆಯಲ್ಲಿ. ಪಾದದಲ್ಲಿ ಅವ್ವನ ಪಕ್ಕ ಕೂತು ತೆಂಗಿನಕಾಯಿ ಮಾರುವವಳು ಲಕ್ಷ್ಮಮ್ಮ. ಎಲ್ಲರೂ ಅಲ್ಲಿ ಸೇರಿ 'ಗಾಜಿನ ಹೊಸಿಲು' ನೋಡುತ್ತಿದ್ದರು.

"ನೋಡ್ದಾ ಮಗಾ? ಇವತ್ತು ಸಿಕ್ಕಾಕಬುಡ್ತಿತ್ತು ಆ ಉಡ್ಗಿ. ಲಕ್ಷ್ಮಮ್ಮ ಚಾಮುಂಡಿ ತಾಯಿಗೆ ಕೈ ಮುಗ್ಕಂಡು ಕೂತಿದ್ಲು, ಸಿಕ್ಕಾಕಬಾರ್ದು ಕಣವ್ವ ಅಂತ."

"ಯಾಕವ್ವ? ಅವಳು ಮಾಡ್ತಿರೋದು ತಪ್ಪಲ್ವಾ?"

"ತಪ್ಪೇಯ. ಆದ್ರೂ ಎಂಗೋ ಒಂದು ಮನೆ ಸೇರ್ಕಂಡದೆ, ಮೂರೊತ್ತು ಉಣ್ತದೆ, ಓದ್ತದೆ. ಅವ್ವ ಸತ್ತಂಗಿದ್ರೆ ಏನ್ ನಷ್ಟ ಬುಡು. ಬದುಕಿರಾದು ಅವ್ಳಿಗೆ ಗೊತ್ತಿದ್ರೆ ಸಾಕು."

ಸಿಂಚನ ರಸ್ತೆ ಮಧ್ಯೆಯೇ ನಿಂತುಬಿಟ್ಟಳು. ಅವ್ವ ಧಾರಾವಾಹಿಯ ಮಾತಾಡುತ್ತಿದ್ದಾಳೋ, ಇನ್ನೇನು ಮಾತಾಡುತ್ತಿದ್ದಾಳೋ ತಿಳಿಯಲಿಲ್ಲ. ಕೇಳುವ ಧೈರ್ಯ ಬರಲಿಲ್ಲ. ಹಿಂದಿನಿಂದ ಆಟೋದವನು ಹಾರನ್ ಹೊಡೆದು, "ಏನಮ್ಮ, ರಸ್ತೆ ನಿಮ್ಮಪ್ಪಂದಾ?" ಎಂದು ಬೈದ ಮೇಲೆ ಪಕ್ಕಕ್ಕೆ ಸರಿದಳು.

ಒಂದೇ ಊರು, ಒಂದೇ ಧಾರಾವಾಹಿ. ಈ ಮನೆಯಲ್ಲಿ ತನ್ವಿ ಸಿಕ್ಕಿಬೀಳಲಿ ಎಂದು ಬೇಡುತ್ತಿದ್ದರು, ಆ ವಠಾರದಲ್ಲಿ ಸಿಕ್ಕಿಬೀಳದಿರಲಿ ಎಂದು ಬೇಡುತ್ತಿದ್ದರು. ಹಾಸ್ಟೆಲಿಗೆ ಹೋದ ಮೇಲೆ ಸಿಂಚನ ಚಾನೆಲ್ಲಿನ ವಿಡಿಯೋ ಕೆಳಗೆ ಜನ ಬರೆದದ್ದನ್ನು ಓದುತ್ತಿದ್ದಳು. ಇಂಥ ಮಗಳನ್ನು ಹೆರುವ ಬದಲು ಬಂಜೆಯಾಗಿರುವುದೇ ವಾಸಿ. ಪಾಪ, ಬಡತನ ಏನೆಲ್ಲ ಮಾಡಿಸುತ್ತೆ. ತನ್ವಿ ಸೀರೆ ಎಲ್ಲಿ ಸಿಗುತ್ತೆ ದಯವಿಟ್ಟು ಹೇಳಿ. ಮುಖವಿಲ್ಲದ ಆ ಜನವೆಲ್ಲ ತನ್ನ ಕೋಣೆಯ ಹೊರಗೆ ನಿಂತು ಮಾತಾಡಿಕೊಳ್ಳುತ್ತಿರುವ ಹಾಗೆ ಅನ್ನಿಸುತ್ತಿತ್ತು.

ಮಹಾಲಯ ಅಮಾವಾಸ್ಯೆ ಹತ್ತಿರ ಬಂತು. ಧಾರಾವಾಹಿಯವರು ಹಬ್ಬ ಬಿಟ್ಟಾರೆಯೇ? ಅಲ್ಲೂ ಸತ್ತ ಹಿರಿಯರಿಗೆ ಎಡೆ ಇಡುವ ಪಕ್ಷದ ಹಬ್ಬ ಬಂತು. ಶ್ರೀಮಂತ ಗೆಳತಿಯ ಮನೆಯವರು ತನ್ವಿಯ 'ಸತ್ತ' ತಾಯಿಗೂ ಎಡೆ ಇಟ್ಟರು. ಬದುಕಿರುವ ತಾಯಿಯ ಎಡೆಯ ಮುಂದೆ ತನ್ವಿ ಕೈ ಮುಗಿದು ನಿಂತಳು. ಅವಳ ಮುಖವನ್ನು ಮೂರು ಸಲ ತೋರಿಸಿದರು, ಮೂರು ಸಲವೂ ಸಿಡಿಲು ಹೊಡೆಯಿತು.

ಶಾಲಿನಿ ರಿಮೋಟ್ ಎತ್ತಿ ಟೀವಿಯನ್ನೇ ಆರಿಸಿದರು. ಅವರು ನಿಧಾನವಾಗಿ ಸಿಂಚನಳ ಕಡೆ ತಿರುಗಿದಾಗ, ಎಲ್ಲ ಮುಗಿಯಿತು ಎಂದುಕೊಂಡಳು.

"ಟೀವಿಯಲ್ಲಿ ಸುಳ್ಳಿಗೆ ಎಡೆ ಇಡ್ತಾರೆ," ಎಂದರು ಶಾಲಿನಿ. ಕಣ್ಣು ತುಂಬಿತ್ತು. "ನಮ್ಮನೇಲಿ ನಿಜವಾಗ್ಲೂ ತಾಯಿಲ್ಲದ ಮಗು ಇದೆ, ನಮಗೆ ನೆನಪೇ ಆಗಲಿಲ್ಲ ನೋಡು. ನಿಮ್ಮಮ್ಮಂಗೆ ಯಾರಮ್ಮ ಎಡೆ ಇಡ್ತಾರೆ?"

"ಯಾರೂ ಇಲ್ಲ ಆಂಟಿ."

"ಈ ಸಲ ನಾವಿಡ್ತೀವಿ."

ಬೋರಮ್ಮನಿಗೆ ಸರಿಬರಲಿಲ್ಲ. "ಬ್ಯಾರೆ ಮನೆ ಹಿರೀಕರು ನಮ್ಮ ಎಡೆಗೆ ಬಂದಾರೇನೇ?"

"ಬೇರೆ ಎಲೆ ಹಾಕೋಣ ಅತ್ತೆ. ಹೆಸರಿಟ್ಟು ಕರೆದ್ರೆ ಬರಲ್ವಾ?" ಎಂದ ಶಾಲಿನಿ, ಸಿಂಚನಳಿಂದ ಬೆಟ್ಟಮ್ಮ ಎಂಬ ಹೆಸರನ್ನು ಕೇಳಿ ತಿಳಿದುಕೊಂಡರು.

ಅವತ್ತು ಜನ ಬರೆದ ಸಾವಿರ ಮಾತಿನ ನಡುವೆ ಸಿಂಚನ ಒಂದನ್ನು ಓದಿದಳು. ಬರೆದವರ ಹೆಸರಿನ ಜಾಗದಲ್ಲಿ ಬರೀ ಅಂಕಿಗಳಿದ್ದವು. 'ಬದುಕಿರೋರಿಗೆ ಎಡೆ ಮಡಗಬ್ಯಾಡಿ. ಎಲ್ಲಿ ಉಣ್ತಾರೋ ಅಲ್ಲಿಯೋರಾಯ್ತಾರೆ.' ಇನ್ನೊಮ್ಮೆ ಓದೋಣವೆಂದು ಹುಡುಕಿದಳು. ಸಿಗಲಿಲ್ಲ. ಜ್ವರ ಬಂದಿದೆ ಎಂದು ಎಡೆಯ ದಿನ ತಪ್ಪಿಸಿಕೊಳ್ಳಬಹುದಿತ್ತು. ಆದರೆ ತಪ್ಪಿಸಿಕೊಂಡರೆ ಅನುಮಾನ ಬರುತ್ತದೆ, ಅನುಮಾನ ಬಂದರೆ ಬೇವಿನ ಮರದ ರೂಮು ಹೋಗುತ್ತದೆ. ಒಂದು ಎಲೆ ಊಟ ತಾನೆ, ಹೋಗಲಿ ಎಂದುಕೊಂಡಳು.

ಅಮಾವಾಸ್ಯೆಯ ದಿನ ಅಪ್ಪನ ಎಡೆಗೆ ಮನೆಗೆ ಬಾ ಎಂದು ಅವ್ವ ಕರೆದಿದ್ದಳು. ಟೆಸ್ಟ್ ಇದೆ ಎಂದು ಹೇಳಿ ಸಿಂಚನ ರಾಮಕೃಷ್ಣನಗರಕ್ಕೆ ಹೋದಳು.

ಹಾಲಿನ ಪಕ್ಕದ ರೂಮನ್ನು ತೊಳೆದು ಸಜ್ಜು ಮಾಡಿದ್ದರು. ಗೋಡೆಗೆ ರವಿಚಂದ್ರರ ಅಪ್ಪನ ಫೋಟೋ, ಮುಂದೆ ಪಂಚೆ, ಬೀಡಿ ಕಟ್ಟು, ಮಟನ್ ಸಾರು, ವಡೆ, ಕಜ್ಜಾಯ. ಪಕ್ಕದಲ್ಲಿ ಬೇರೆ ಎಲೆ. ಅದರ ಮುಂದೆ ಹೊಸ ಹಸಿರು ಸೀರೆ, ಬಳೆ, ಒಂದು ಮಾರು ಮಲ್ಲಿಗೆ.

"ನಿಮ್ಮವ್ವಂಗೆ ಏನಿಷ್ಟ ಇತ್ತವ್ವ?" ಎಂದು ಬೋರಮ್ಮ ಮೊದಲೇ ಕೇಳಿದ್ದರು.

"ಉಪ್ಸಾರು ಮುದ್ದೆ."

ಆ ಮನೆಯಲ್ಲಿ ಉಪ್ಸಾರು ಮಾಡಿ ಎಷ್ಟೋ ಕಾಲವಾಗಿತ್ತು. ಶಾಲಿನಿ ಅತ್ತೆಯನ್ನು ಕೇಳಿ ಕೇಳಿ ಸೊಪ್ಪು ಕಾಳು ಬೇಯಿಸಿ ಬಸಿದು ಮಾಡಿದರು. ಎಡೆಗಿಡುವ ಅಡಿಗೆಯನ್ನು ಯಾರೂ ರುಚಿ ನೋಡುವಂತಿಲ್ಲ. ನೋಡಲಿಲ್ಲ.

"ಫೋಟೋ ಎಲ್ಲಿ?" ಎಂದಳು ಸುಷ್ಮಿತಾ.

"ನನ್ನ ಹತ್ರ ಇಲ್ಲ."

"ಫೋನಲ್ಲೂ ಇಲ್ವಾ? ಒಂದಾದ್ರೂ?"

ಇತ್ತು. ಹೂವಿನ ಕುಕ್ಕೆ ಕಾಣದ ಹಾಗೆ ಕತ್ತರಿಸಿದ ಫೋಟೋ, ಬಿಸಿಲಿಗೆ ಕಣ್ಣು ಕಿರಿದು ಮಾಡಿದ ಅವ್ವನ ಮುಖ. ತೋರಿಸಿದಳು. ಶಾಲಿನಿ ತುಂಬ ಹೊತ್ತು ನೋಡಿದರು. "ಎಲ್ಲೋ ನೋಡಿದ ಹಾಗಿದೆ."

"ಸತ್ತೋರೆಲ್ಲ ಎಲ್ಲೋ ನೋಡ್ದಂಗೇ ಇರ್ತಾರೆ ಬುಡು," ಎಂದರು ಬೋರಮ್ಮ. ಸುಷ್ಮಿತಾ ಫೋನಿನ ಬೆಳಕು ಆರದ ಹಾಗೆ ಮಾಡಿಕೊಟ್ಟಳು, ಮುದುಕಿ ಅದನ್ನು ಕಳಸಕ್ಕೆ ಒರಗಿಸಿ ನಿಲ್ಲಿಸಿದರು. ಒಡೆದ ಗಾಜಿನ ಹಿಂದೆ ಬೆಟ್ಟಮ್ಮನ ಮುಖ ಬೆಳಗುತ್ತಿತ್ತು. ಅದಕ್ಕೂ ಒಂದು ಎಸಳು ಹೂವು ಇಟ್ಟರು, ಸಾಂಬ್ರಾಣಿ ಹೊಗೆ ಹಿಡಿದರು. ಕೈ ಮುಗಿಯವ್ವ ಎಂದರು. ಸಿಂಚನ ಕೈ ಮುಗಿದಳು. ತನ್ವಿಗಿಂತ ಚೆನ್ನಾಗಿಯೇ ಮುಗಿದಳು.

ಆಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿದರು. ಹಿರಿಯರು ಬಂದು ಉಣ್ಣುವಾಗ ಬದುಕಿರುವವರು ನೋಡಬಾರದು. ಸ್ವಲ್ಪ ಹೊತ್ತು ಕಾದು, ಕೆಮ್ಮಿ ಸದ್ದು ಮಾಡಿ, ಆಮೇಲೆ ತೆಗೆಯಬೇಕು. ಅದು ಬೋರಮ್ಮನ ಊರಲ್ಲೂ ಇದ್ದ ಪದ್ಧತಿ, ಸಿಂಚನಳ ಮನೆಯಲ್ಲೂ ಇದ್ದ ಪದ್ಧತಿ. ದೀಪ ಹಚ್ಚುವ ಹೊತ್ತು. ಅವತ್ತು ಟೀವಿ ಹಾಕಿರಲಿಲ್ಲ. ಬಾಗಿಲ ಸಂದಿಯಿಂದ ಸಾಂಬ್ರಾಣಿ ಹೊಗೆ ನೆಲದ ಮೇಲೆ ಹರಿದು ಬರುತ್ತಿತ್ತು.

ಒಳಗೆ ಫೋನು ರಿಂಗಾಯಿತು.

ಈ ಹೊತ್ತಿನಲ್ಲಿ ಸಿಂಚನಳಿಗೆ ಫೋನು ಮಾಡುವವಳು ಒಬ್ಬಳೇ. ಎಲ್ಲರೂ ಮುಖ ಮುಖ ನೋಡಿಕೊಂಡರು. "ತೆಗೀಬ್ಯಾಡಿ," ಎಂದರು ಬೋರಮ್ಮ. "ಬಡ್ಕೊಂಡು ಸುಮ್ಮನಾಗ್ಲಿ." ಅದು ಬಡಿದುಕೊಂಡಿತು. ಆದರೆ ಪೂರ್ತಿ ಬಡಿದುಕೊಳ್ಳಲಿಲ್ಲ. ನಡುವೆಯೇ ನಿಂತಿತು. ಆಮೇಲೆ ಮುಚ್ಚಿದ ಬಾಗಿಲ ಹಿಂದಿನಿಂದ ಹೆಂಗಸಿನ ದನಿ ಬಂತು.

"ಸಿಂಚನಾ... ಏ ಮಗಾ..."

ಶಾಲಿನಿ ಎದೆ ಹಿಡಿದುಕೊಂಡು ನೆಲಕ್ಕೆ ಕೂತರು.

"ನಿಮ್ಮಪ್ಪಂಗೆ ಎಡೆ ಮಡಗ್ದೆ ಕಣವ್ವ. ನೀನು ಉಂಡ್ಯಾ?"

ಫೋನು ತಾನಾಗಿಯೇ ಒತ್ತಿಕೊಂಡಿದೆ. ಸಿಂಚನಳಿಗೆ ಅದು ಗೊತ್ತಿತ್ತು. ಒಂದು ಮಾತು ಹೇಳಿದರೆ ಸಾಕಿತ್ತು, ಫೋನ್ ಆಂಟಿ, ಅದು ನಮ್ಮವ್ವ, ಬದುಕಿದ್ದಾಳೆ. ಬಾಯಿ ತೆಗೆದಳು. ಬೋರಮ್ಮನ ಒರಟು ಅಂಗೈ ಬಂದು ಅವಳ ಬಾಯಿ ಮುಚ್ಚಿತು. "ಊಂ ಅನ್ಬ್ಯಾಡ ಕಂದಾ," ಎಂದು ಮುದುಕಿ ಕಿವಿಯಲ್ಲಿ ಉಸುರಿದರು. "ಸತ್ತೋರು ಕರುದ್ರೆ ಊಂ ಅನ್ಬಾರ್ದು. ಕರ್ಕೊಂಡೋಯ್ತಾರೆ."

ಎಪ್ಪತ್ತು ದಾಟಿದ ಮುದುಕಿಯ ಕೈ. ಸರಿಸಿದ್ದರೆ ಸರಿಯುತ್ತಿತ್ತು. ಸಿಂಚನ ಸರಿಸಲಿಲ್ಲ.

"ಯಾಕ್ ಮಗಾ ಮಾತಾಡಾಕಿಲ್ಲ? ಇದೀಯಾ?"

ಶಾಲಿನಿ ಮೊಣಕಾಲ ಮೇಲೆ ಸರಿದು ಬಂದು ಬಾಗಿಲಿಗೆ ಹಣೆ ಹಚ್ಚಿದರು. ಅಳುತ್ತಲೇ ಹೇಳಿದರು. "ತಾಯಿ ಬೆಟ್ಟಮ್ಮ, ನಿಮ್ಮ ಮಗಳು ಇಲ್ಲೇ ಇದಾಳೆ ಕಣಮ್ಮ. ಇನ್ಮೇಲೆ ಅವಳು ನನ್ನ ಮಗಳು. ಏನೂ ಕೊರತೆ ಮಾಡಲ್ಲ. ನೀವು ಸತ್ತಮೇಲೂ ಹೀಗೆ ಅಲೀಬೇಡಿ. ಉಂಡು, ಸೀರೆ ತಗೊಂಡು, ಆಸೆ ಬಿಟ್ಟು ನೆಮ್ಮದಿಯಾಗಿ ಹೋಗಿ ತಾಯಿ."

ಒಳಗೆ ಸದ್ದಿಲ್ಲ. ತುಂಬ ಹೊತ್ತು ಸದ್ದಿಲ್ಲ. ಸಿಂಚನ ಮೂಗಿನಲ್ಲೇ ಉಸಿರಾಡುತ್ತಾ ಕಾದಳು. ಆಮೇಲೆ ಆ ದನಿ, ಹತ್ತಿರದಿಂದ, ಬಾಗಿಲಿಗೆ ಬಾಯಿ ಹಚ್ಚಿದಷ್ಟು ಹತ್ತಿರದಿಂದ ಹೇಳಿತು.

"ಊಂ. ಆಯ್ತು ಬುಡಿ."

ಬೋರಮ್ಮ ಕೆಮ್ಮಿ ಬಾಗಿಲು ತೆಗೆದರು. ಮೊದಲು ಒಳಗೆ ಹೋದವಳು ಸುಷ್ಮಿತಾ. ಹೊಗೆಯ ನಡುವೆ ಫೋನು ನಿಲ್ಲಿಸಿದ ಹಾಗೆಯೇ ನಿಂತಿತ್ತು. ಫೋಟೋದ ಮುಖ ಹೋಗಿ ಅಲ್ಲಿ ಬೆಟ್ಟಕ್ಕ ಎಂಬ ಹೆಸರು ಬೆಳಗುತ್ತಿತ್ತು, ಅದರ ಕೆಳಗೆ ಸೆಕೆಂಡುಗಳು ಓಡುತ್ತಿದ್ದವು. ಸುಷ್ಮಿತಾ ಒಂದು ಕ್ಷಣ ನೋಡಿದಳು. ಬೆರಳಿನಿಂದ ಒತ್ತಿ ಕಟ್ ಮಾಡಿದಳು. ಫೋನನ್ನು ಬೋರಲು ಮಾಡಿ ಕೈಯಲ್ಲಿ ಹಿಡಿದುಕೊಂಡಳು.

ಊಟಕ್ಕೆ ಕೂತರು. ಶಾಲಿನಿಯ ಮುಖದಲ್ಲಿ ಅತ್ತು ಹಗುರಾದವರ ಕಳೆ ಇತ್ತು. ಎಡೆಯ ಉಪ್ಸಾರನ್ನು ಬಾಯಿಗಿಟ್ಟ ರವಿಚಂದ್ರ ತುತ್ತು ನಿಲ್ಲಿಸಿದರು. "ಉಪ್ಸಾರಿಗೆ ಉಪ್ಪೇ ಹಾಕಿಲ್ವಲ್ಲೇ!"

"ರುಚಿ ನೋಡಂಗಿಲ್ವಲ್ಲ, ನಂಗೇನ್ ಗೊತ್ತು," ಎಂದು ಶಾಲಿನಿ ನಾಲಿಗೆ ಕಚ್ಚಿಕೊಂಡರು. "ಪಾಪ, ಆಯಮ್ಮ ಹಾಗೇ ಉಂಡು ಹೋದ್ರಲ್ಲ."

ಊಟವಾದ ಮೇಲೆ ಸುಷ್ಮಿತಾ ಅವಳನ್ನು ಮಹಡಿ ಮೇಲಿನ ರೂಮಿಗೆ ಕರೆದುಕೊಂಡು ಹೋದಳು. ಲೈಟು ಹಾಕಿದಳು. ಫೋನನ್ನು ಕಿಟಕಿಯ ಮೇಲಿಟ್ಟಳು.

"ಬೆಟ್ಟಕ್ಕ. ಬೆಟ್ಟಮ್ಮ," ಎಂದಳು. "ಥೂ, ನಾನೇ ಪೆದ್ದಿ. ಆ ಧಾರಾವಾಹಿ ಗೆಳತಿಗೆ ಬೈತಿದ್ದೆ."

"ಸುಷೀ, ನಾನು ಬೇಕಂತ..."

"ನನ್ನ ಪಕ್ಕದಲ್ಲೇ ಕೂತು ಅವಳಿಗೆ ಕಳ್ಳಿ ಅಂದೆ ಕಣೇ ನೀನು. ಎಷ್ಟು ಸಲೀಸಾಗಿ ಅಂದೆ. ಏನ್ ಮಾಡ್ತಾರೆ ನಿಮ್ಮಮ್ಮ?"

"ಬೆಟ್ಟದ ಪಾದದಲ್ಲಿ ಹೂವ ಮಾರ್ತಾರೆ. ಅವತ್ತು ಮೊಣಕೈ ಮಡಿಸ್ತಾರೆ ಅಂತ ನಿಮ್ಮಮ್ಮ ಅಂದಿದ್ದು ಅವರಿಗೇನೇ."

ಕೆಳಗೆ ಶಾಲಿನಿ ಯಾರಿಗೋ ಫೋನಿನಲ್ಲಿ, ಹೂಂ ಕಣೇ, ನಮ್ಮ ಕಿವಿಯಾರೆ ಕೇಳಿದ್ವಿ ಎಂದು ಹೇಳುತ್ತಿದ್ದರು.

"ನಾನೇ ಆಂಟಿಗೆ ಹೇಳ್ತೀನಿ," ಎಂದಳು ಸಿಂಚನ.

"ಹೇಳ್ಬೇಡ. ಸತ್ತೋಳು ಬಂದು ಮಗಳನ್ನ ತನ್ನ ಕೈಗೆ ಒಪ್ಪಿಸಿ ಹೋದಳು ಅಂತ ಅಮ್ಮ ನಂಬಿದಾಳೆ. ಬದುಕಿರೋಳಿಗೆ ಎಡೆ ಇಟ್ಟೆ ಅಂತ ಗೊತ್ತಾದ್ರೆ ಅವಳಿಗೆ ನಿದ್ದೆ ಬರಲ್ಲ. ಏನಾದ್ರೂ ನೆಪ ಹೇಳ್ಕೊಂಡು ಬರೋದು ನಿಲ್ಸು. ಅಷ್ಟು ಮಾಡು."

"ಹೂವಿನವಳ ಮಗಳು ಅಂತ ಮೊದಲೇ ಹೇಳಿದ್ರೆ ಜೊತೇಲಿರ್ತಿದ್ಯಾ?"

ಸುಷ್ಮಿತಾ ಯೋಚಿಸಿದಳು. ಸುಳ್ಳು ಹೇಳಲಿಲ್ಲ. "ಗೊತ್ತಿಲ್ಲ. ಗೊತ್ತು ಮಾಡ್ಕೊಳ್ಳೋಕೆ ನೀನು ಬಿಡ್ಲಿಲ್ವಲ್ಲ."

ಹೊರಡುವಾಗ ಬೋರಮ್ಮ ಹಸಿರು ಸೀರೆಯನ್ನು ಚೀಲಕ್ಕೆ ತುರುಕಿದರು. ಎಡೆ ಸೀರೆ ಮಗಳೇ ಉಡಬೇಕು ಎಂದರು. ಬಸ್ಸಿನಲ್ಲಿ ಸಿಂಚನ ಅವ್ವನಿಗೆ ಮತ್ತೆ ಮತ್ತೆ ಫೋನು ಮಾಡಿದಳು. ರಿಂಗಾಯಿತು. ಯಾರೂ ಎತ್ತಲಿಲ್ಲ.

ಮಾರನೆಯ ದಿನ ನವರಾತ್ರಿ ಶುರು. ಬೆಟ್ಟದ ಪಾದದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವ್ವ ತನ್ನ ಜಾಗದಲ್ಲೇ ಇದ್ದಳು, ಹೂವಿನ ಮೇಲೆ ನೀರು ಚಿಮುಕಿಸುತ್ತಿದ್ದಳು. ಸಿಂಚನ ಹೋಗಿ ಎದುರಿಗೆ ನಿಂತಳು.

"ಎಷ್ಟು ಮೊಳ ಬೇಕವ್ವ?"

"ಅವ್ವ, ನಾನು."

"ಮಲ್ಗೆ ಕೊಡ್ಲಾ, ಕಾಕಡ ಕೊಡ್ಲಾ?"

ಸಿಟ್ಟಿನ ಮುಖವಲ್ಲ ಅದು. ಸಿಟ್ಟಾಗಿದ್ದರೆ ಸಿಂಚನ ಕಾಲು ಹಿಡಿಯುತ್ತಿದ್ದಳು. ಎಷ್ಟೋ ವರ್ಷ ಗಿರಾಕಿಗಳ ಮುಖ ನೋಡಿ ನೋಡಿ ಯಾವ ಮುಖವನ್ನೂ ನೆನಪಿಟ್ಟುಕೊಳ್ಳದ ಕಣ್ಣು. ಆ ಕಣ್ಣು ಅವಳ ಮೇಲೆ ಬಿದ್ದು, ಅವಳನ್ನು ದಾಟಿ ಹಿಂದಿನ ಗಿರಾಕಿಗೆ ಹೋಯಿತು.

"ಲೇ ಬೆಟ್ಟಿ, ನಿನ್ ಮಗಳು ಕಣೇ," ಎಂದಳು ಪಕ್ಕದಲ್ಲಿ ಕೂತ ಲಕ್ಷ್ಮಮ್ಮ. ಬೆಟ್ಟಮ್ಮ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಲಕ್ಷ್ಮಮ್ಮ ಸಿಂಚನಳನ್ನು ಹತ್ತಿರ ಎಳೆದುಕೊಂಡು ಪಿಸುಗುಟ್ಟಿದಳು. "ನೆನ್ನೆ ಸಂದೆಯಿಂದ ಇಂಗೇ ಕಣವ್ವ. ನಿಮ್ಮಪ್ಪನ ಎಡೇಲಿ ಒಂದು ತುತ್ತು ಮುಟ್ನಿಲ್ಲ. ಒಟ್ಟೆ ತುಂಬದೆ ಅಂತಾಳೆ. ಬಲವಂತ ಮಾಡುದ್ರೆ, 'ಉಪ್ಸಾರು ಮುದ್ದೆ ಉಂಡಿವ್ನಿ ಕಣೇ, ಉಪ್ಪೇ ಇರ್ನಿಲ್ಲ' ಅಂತಾಳೆ. ಎಲ್ಲುಂಡ್ಯೇ ಅಂದ್ರೆ ಮಾತಿಲ್ಲ."

ಊಟಕ್ಕೆ ಕೂರುವ ಮೊದಲೇ ಸುಷ್ಮಿತಾ ಫೋನ್ ಕಟ್ ಮಾಡಿದ್ದಳು. ಅದನ್ನು ಸಿಂಚನ ಕಣ್ಣಾರೆ ನೋಡಿದ್ದಳು. ಉಪ್ಪಿನ ಮಾತು ಬಂದದ್ದು ಆಮೇಲೆ.

ಅವಳು ಚೀಲವನ್ನು ಎದೆಗೆ ಒತ್ತಿಕೊಂಡಳು. ಸೀರೆಯ ಅಂಚು ಹೊರಗೆ ಬಂತು. ಬೆಟ್ಟಮ್ಮ ಮೂಗರಳಿಸಿದಳು. "ಸಾಂಬ್ರಾಣಿ ವಾಸ್ನೆ," ಎಂದಳು ಯಾರಿಗೂ ಅಲ್ಲದೆ. ಕೈ ಚಾಚಿ ಚೀಲ ತೆಗೆದುಕೊಂಡಳು, ಸೀರೆಯನ್ನು ಹೊರಗೆಳೆದು ಸವರಿ ನೋಡಿದಳು. "ನಂಗೇ ತಾನೆ ಮಡಗಿದ್ದು." ಉಟ್ಟ ಸೀರೆಯ ಮೇಲೆಯೇ ಹೊದ್ದುಕೊಂಡು ಮತ್ತೆ ಹೂವಿಗೆ ಕೈ ಹಾಕಿದಳು.

ಕಾರಿನಿಂದಿಳಿದು ಬಂದ ಹೆಂಗಸೊಬ್ಬಳು ಎರಡು ಮೊಳ ಮಲ್ಲಿಗೆ ಕೇಳಿದಳು. ಬೆಟ್ಟಮ್ಮ ಮೊಣಕೈ ನೆಟ್ಟಗೆ ಮಾಡಿ ಅಳೆದಳು. "ಹೊಸ ಸೀರೆ ಜೋರಾಗಿದೆ," ಎಂದು ಆಕೆ ನಕ್ಕಳು. "ಮಕ್ಕಳು ಕೊಡಿಸಿದ್ದಾ? ಎಷ್ಟು ಮಕ್ಕಳಮ್ಮ ನಿಂಗೆ?"

"ಇಲ್ಲ ಕಣವ್ವ."

"ಅಯ್ಯೋ," ಎಂದಳು ಆಕೆ. ಚೌಕಾಸಿ ಮಾಡದೆ ಹೂವು ತೆಗೆದುಕೊಂಡು ಹೋದಳು.

ನಾನಿದೀನಿ ಎಂದು ಹೇಳಬೇಕೆಂದು ಸಿಂಚನ ಬಾಯಿ ತೆಗೆದಳು. ತುಟಿಯ ಮೇಲೆ ಬೋರಮ್ಮನ ಅಂಗೈಯ ಬೂದಿ ವಾಸನೆ ಇನ್ನೂ ಇತ್ತು. ಮಾತು ಹೊರಡಲಿಲ್ಲ.

ಆ ವಾರದ ಕೊನೆಗೆ ತನ್ವಿ ಸಿಕ್ಕಿಬಿದ್ದಳು. ಎರಡೇ ಕಂತಿನಲ್ಲಿ ತಾಯಿ ಕ್ಷಮಿಸಿದಳು, ತಬ್ಬಿಕೊಂಡಳು, ಗೆಳತಿಯೂ ಬಂದು ತಬ್ಬಿಕೊಂಡಳು. ತಾಯಿ ಅಂದ್ರೆ ಇದು ಎಂದು ಜನ ಬರೆದರು. ರಾಮಕೃಷ್ಣನಗರದಲ್ಲಿ ಅತ್ತಿರಬೇಕು. ವಠಾರದಲ್ಲಂತೂ ಅತ್ತರು ಎಂದು ಲಕ್ಷ್ಮಮ್ಮನೇ ಫೋನು ಮಾಡಿ ಹೇಳಿದಳು. ಬೆಟ್ಟಮ್ಮ ಮಾತ್ರ ಹಸಿರು ಸೀರೆ ಹೊದ್ದು ಹೊಸಿಲ ಹೊರಗೇ ನಿಂತು ನೋಡುತ್ತಿದ್ದಳಂತೆ, ಎಷ್ಟು ಕರೆದರೂ ಒಳಗೆ ಬರಲಿಲ್ಲವಂತೆ. "ಯಾರೇ ಆ ಉಡ್ಗಿ?" ಎಂದು ಕೇಳಿದಳಂತೆ.

ಸಿಂಚನಳಿಗೆ ಹೋದದ್ದು ಮೂರು. ಮಹಡಿ ಮೇಲಿನ ರೂಮು ಒಂದು, ಗೆಳತಿ ಒಬ್ಬಳು, ಅವ್ವ ಒಬ್ಬಳು.